ಓಗೊಡದ ಮನೆತನ

ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ಕಿವಿ ಮೇಡಂ. ಎಕ್ಸರೇ ಕೋಣೆ ದಾಟಿ ಕಾರಿಡಾರಿನ ಕೊನೆಗೆ ಹೋದರೆ, ದಪ್ಪ ಬಾಗಿಲಿನ ಪುಟ್ಟ ಕೋಣೆ ಅವಳದು. ಗೋಡೆಗೆಲ್ಲ ಸ್ಪಂಜು ಹೊದಿಸಿದ ಆ ಗೂಡಿನೊಳಗೆ ರೋಗಿಯನ್ನು ಕೂರಿಸಿ, ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟು, ತಾನು ಗಾಜಿನ ಈಚೆ ಕೂತು ಒಂದೊಂದೇ ಸದ್ದು ಕಳಿಸುವುದು ಅವಳ ಕೆಲಸ. ಸದ್ದು ಕೇಳಿಸಿದರೆ ಗುಂಡಿ ಒತ್ತಬೇಕು. ಕೇಳಿಸದಿದ್ದರೂ ಮರ್ಯಾದೆಗೆ ಅಂಜಿ ಒತ್ತುವವರು ಇರುತ್ತಾರೆ. ಅವರನ್ನು ಮುಖ ನೋಡಿಯೇ ಹಿಡಿದುಬಿಡುತ್ತಿದ್ದಳು.

ಈ ಕೆಲಸಕ್ಕೆ ಅವಳು ಬಂದದ್ದೇ ಅಪ್ಪನ ದೆಸೆಯಿಂದ. ಅಪ್ಪ ಹೊಲಿಗೆ ಮಿಷನ್ ರಿಪೇರಿ ಮಾಡುವವನು. ಆಳೆತ್ತರ ಸಾಲದೆ ಇನ್ನಷ್ಟು ಎತ್ತರ, ಬಾಗಿಲಿಗೆಲ್ಲ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಹಿಂದಿನಿಂದ ಅವನನ್ನು ಕರೆದರೆ ಓ ಅನ್ನುತ್ತಿರಲಿಲ್ಲ. ಗಂಟಲು ಹರಿಯುವ ಹಾಗೆ ಕೂಗಿದರೂ ಅಷ್ಟೇ. ಎದುರಿಗೆ ಬಂದು ನಿಂತು ಮುಖ ತೋರಿಸಿದರೆ ಮಾತ್ರ, "ಏನಮ್ಮ?" ಅಂತ ನಿಧಾನಕ್ಕೆ ಕೇಳುತ್ತಿದ್ದ. ಬಾಗಿಲು ಬಡಿದರೆ ಕಿಟಕಿಯ ಸಂದಿಯಿಂದ ಬಂದವರನ್ನು ನೋಡದೆ ಅಗಳಿ ತೆಗೆದವನಲ್ಲ. ಅಪ್ಪನ ಕಿವಿ ಮಂದ ಅಂತಲೇ ಅವಳು ಬಹಳ ವರ್ಷ ತಿಳಿದಿದ್ದಳು. ಓದು ಮುಗಿಸಿ ಆಸ್ಪತ್ರೆ ಸೇರಿದ ಮೇಲೆ ಅವನನ್ನೇ ಮೊದಲು ಗೂಡಿನೊಳಗೆ ಕೂರಿಸಿದಳು. ತೀರಾ ಸಣ್ಣ ಸದ್ದು, ಮಕ್ಕಳಿಗೇ ಕೇಳಿಸುವುದು ಕಷ್ಟ ಅನ್ನುವಂಥದ್ದು, ಅದಕ್ಕೂ ಅಪ್ಪನ ಹೆಬ್ಬೆರಳು ಗುಂಡಿ ಒತ್ತಿತು.

"ಅಪ್ಪ, ನಿನ್ನ ಕಿವಿ ಬೆಕ್ಕಿನ ಕಿವಿ ಇದ್ದ ಹಾಗಿದೆ! ಮತ್ತೆ ಕರೆದರೆ ಯಾಕೆ ಓ ಅನ್ನಲ್ಲ?"

"ಅಭ್ಯಾಸ," ಅಂದಿದ್ದ ಅಪ್ಪ, ಹೆಡ್‌ಫೋನಿನ ತಂತಿ ಸುತ್ತುತ್ತಾ. ಅಲ್ಲಿಗೆ ಆ ಮಾತು ಮುಗಿಯಿತು. ಎಲ್ಲಿಯವರು ನಾವು, ಅಜ್ಜ ಏನು ಮಾಡುತ್ತಿದ್ದ, ನಮ್ಮ ಅಡ್ಡಹೆಸರಿನವರು ಬೇರೆ ಯಾರೂ ಯಾಕೆ ಕಾಣಿಸುವುದಿಲ್ಲ, ಹೀಗೆ ಏನು ಕೇಳಿದರೂ ಅಪ್ಪನದು ಒಂದೇ ಮಾತು: "ದೂರದಿಂದ ಬಂದೋರು. ಅಷ್ಟೇ."

ಆ ಅಡ್ಡಹೆಸರು ಊರಿಗೊಂದೇ ಇತ್ತು. ಬರೆದುಕೊಳ್ಳುವವರು ಒಂದು ಸಲಕ್ಕೆ ಅದನ್ನು ಸರಿಯಾಗಿ ಬರೆದದ್ದಿಲ್ಲ. ಬ್ಯಾಂಕಿನಲ್ಲಿ ಒಂದು ಥರ, ಗ್ಯಾಸಿನವರಲ್ಲಿ ಇನ್ನೊಂದು ಥರ. "ನಮ್ಮನ್ನ ಪೊಲೀಸರು ಹುಡುಕಿದರೂ ಸಿಗಲ್ಲ ಬಿಡು," ಅಂತ ಅವಳ ತಮ್ಮ ನಗುತ್ತಿದ್ದ. ಅಪ್ಪನಿಗೆ ಆ ತಮಾಷೆ ಸೇರುತ್ತಿರಲಿಲ್ಲ. ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದ.

ಅಪ್ಪ ತೀರಿಕೊಂಡದ್ದು ಚಳಿಗಾಲದ ಒಂದು ಮಧ್ಯಾಹ್ನ, ಕುರ್ಚಿಯಲ್ಲಿ ಕೂತ ಹಾಗೇ. ಅವಳು ಹಿಂದಿನಿಂದ ಕರೆದಳು, ಅವನು ಓ ಅನ್ನಲಿಲ್ಲ. ಯಾವತ್ತಿನ ಹಾಗೇ ಅಂದುಕೊಂಡು ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ನಿಂತಳು. ಎದುರಿಗೆ ಹೋಗಿ ನೋಡುವ ಹೊತ್ತಿಗೆ ಮೈ ತಣ್ಣಗಾಗಿತ್ತು.

ಅದಾಗಿ ಕೆಲವು ವಾರಗಳ ಮೇಲೆ ತಮ್ಮ ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದು ಬಂದ. ಅವನು ನೀರು ಸರಬರಾಜು ಕಚೇರಿಯಲ್ಲಿ ನೆಲದಡಿಯ ಪೈಪುಗಳ ನಕ್ಷೆ ಬರೆಯುವವನು. ಅಡ್ಡಹೆಸರು ಕೊಟ್ಟರೆ ಆ ಹೆಸರಿನವರು ಎಲ್ಲೆಲ್ಲಿ ಇದ್ದಾರೆ ಅಂತ ತೋರಿಸುವ ನಕ್ಷೆಯೊಂದು ಅವನ ಕಣ್ಣಿಗೆ ಬಿದ್ದಿತ್ತು. ಹೆಚ್ಚು ಜನ ಇದ್ದಲ್ಲಿ ಗಾಢ ಬಣ್ಣ, ಕಡಿಮೆ ಇದ್ದಲ್ಲಿ ತಿಳಿ.

"ನಮ್ಮದು ಹಾಕಿ ನೋಡಿದೆ ಅಕ್ಕ. ಇಲ್ಲಿ ನೋಡು, ಈ ಚುಕ್ಕೆ ನಾವಿಬ್ಬರು. ಇಡೀ ದಿಕ್ಕಿಗೆ ಬೇರೆ ಯಾರೂ ಇಲ್ಲ. ಈಗ ಮೇಲೆ ನೋಡು."

ಉತ್ತರದಲ್ಲಿ, ಅವರು ಯಾವತ್ತೂ ಹೋಗದ ಗುಡ್ಡಗಾಡಿನಲ್ಲಿ, ಚುಕ್ಕೆಗಳು ಒತ್ತೊತ್ತಾಗಿದ್ದವು. ಒಂದು ಬಳೆಯ ಹಾಗೆ ದುಂಡಗೆ. ಬಳೆಯ ನಡುವೆ ಮಾತ್ರ ಏನೂ ಇಲ್ಲ.

"ನಡುವೆ ಕೆರೆಯಾ?"

"ಅಲ್ಲ. ಅದನ್ನೇ ನಾನೂ ಮೊದಲು ನೋಡಿದ್ದು. ರಸ್ತೆ ಇದೆ, ಮನೆಗಳಿವೆ, ಬೇರೆ ಹೆಸರಿನ ಜನ ಒಂದಷ್ಟು ಇದ್ದಾರೆ. ನಮ್ಮೋರು ಮಾತ್ರ ಒಬ್ಬರೂ ಇಲ್ಲ. ಸುತ್ತ ಇಷ್ಟು ಜನ ಇದ್ದು, ಒಬ್ಬನಾದರೂ ಅಂಗಡಿ ಹಾಕೋಕೋ ಮದುವೆಯಾಗಿಯೋ ಒಳಗೆ ಹೋಗಬೇಕಿತ್ತಲ್ಲ? ಯಾರೂ ಹೋಗಿಲ್ಲ. ಬೇಲಿ ಹಾಕಿದ ಹಾಗಿದೆ."

ಅವಳು ಪರದೆಯನ್ನೇ ನೋಡುತ್ತಾ ಕೂತಳು. ಕೋಣೆಯಲ್ಲಿ ಯಾರೋ ಬೆನ್ನ ಹಿಂದೆ ಬಂದು ನಿಂತ ಹಾಗಾಯಿತು. "ನಾನು ಹೋಗಿ ಬರ್ತೀನಿ," ಅಂದಳು.

"ಅಪ್ಪ ಹೇಳದೆ ಹೋದದ್ದನ್ನ ಕೆದಕಿ ಏನು ಸಿಗುತ್ತೆ ಅಕ್ಕ? ಸುಮ್ಮನೆ ತೋರಿಸಿದೆ ಅಷ್ಟೇ," ಅಂದ ತಮ್ಮ. ಆದರೆ ಬಸ್ಸು ಹತ್ತಿಸಲು ಅವನೇ ಬಂದ.

ಬಳೆಯ ಮೇಲಿನ ಊರುಗಳಲ್ಲಿ ದೊಡ್ಡದಾಗಿ ಕಂಡದ್ದಕ್ಕೆ ಅವಳು ಹೋದಳು. ಬೆಳಗಿನ ಹೊತ್ತು ಬಸ್ಸು ಇಳಿದಾಗ ಚೌಕದಲ್ಲಿ ಅಂಗಡಿಗಳು ಆಗತಾನೆ ತೆರೆಯುತ್ತಿದ್ದವು. ಹಾರ್ಡ್‌ವೇರ್ ಅಂಗಡಿಯ ಮುಂದೆ ಒಬ್ಬ ಕಸ ಗುಡಿಸುತ್ತಿದ್ದ. ಅವನ ಬೆನ್ನು ಕಂಡದ್ದೇ ಅವಳು ನಿಂತಲ್ಲೇ ನಿಂತಳು. ಅದೇ ಬಗ್ಗಿದ ಭುಜ, ಕತ್ತಿನ ಹಿಂದೆ ಅದೇ ಗುಳಿ, ಪೊರಕೆ ಹಿಡಿದ ಕೈ ಕೂಡ ಅಪ್ಪನದೇ. ಬಾಯಿಗೆ ಬಂದ "ಅಪ್ಪಾ" ಅನ್ನುವ ಮಾತನ್ನು ನುಂಗಿಕೊಂಡು, "ಯಜಮಾನ್ರೇ, ಇಲ್ಲಿ ಉಳಕೊಳ್ಳೋಕೆ ರೂಮು ಎಲ್ಲಿ ಸಿಗುತ್ತೆ?" ಅಂತ ಕೇಳಿದಳು.

ಅವನು ತಿರುಗಲಿಲ್ಲ. ಗುಡಿಸುತ್ತಲೇ ಇದ್ದ.

ಛತ್ರಿ ಮಾರುವ ಹೆಂಗಸನ್ನು ಕರೆದಳು. ಅವಳೂ ತಿರುಗಲಿಲ್ಲ. ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವನನ್ನು ಕರೆದಳು. ಕರೆದದ್ದು ಕೇಳಿಸಿತು ಅವನಿಗೆ, ಅದು ಅವಳಿಗೆ ಗೊತ್ತಾಯಿತು. ಹೆಗಲು ಒಂದು ಕೂದಲೆಳೆಯಷ್ಟು ಬಿಗಿಯಾಯಿತು, ಹೆಜ್ಜೆ ಬೇಗವಾಯಿತು. ಇಷ್ಟು ವರ್ಷ ಗಾಜಿನ ಹಿಂದಿನಿಂದ ಜನರ ಹೆಗಲು ನೋಡಿದವಳು ಅವಳು. ಇವರು ಯಾರೂ ಕಿವುಡರಲ್ಲ. ಒಂದು ಊರಿಗೆ ಊರೇ ಕೇಳಿಸಿಯೂ ಕೇಳಿಸದ ಹಾಗೆ ಇತ್ತು. ಅಪ್ಪನೊಬ್ಬನದೇ ಅಂದುಕೊಂಡಿದ್ದ ಚಾಳಿ ಇಲ್ಲಿ ಬೀದಿ ತುಂಬ ಓಡಾಡುತ್ತಿತ್ತು.

ಕೊನೆಗೆ ಅವಳನ್ನು ತಾನಾಗಿ ಮಾತಾಡಿಸಿದವನು ಕ್ಷೌರದವನು. ಅಂಗಡಿಯ ಬಾಗಿಲಲ್ಲಿ ಟವಲು ಕೊಡವುತ್ತಾ ನಿಂತವನು ಅವಳು ಎದುರಿಗೆ ಬರುವ ತನಕ ನೋಡಿ, "ಯಾರ ಮನೆಯವರು ನೀವು?" ಅಂದ.

"ಯಾಕೆ ಹಾಗೆ ಕೇಳಿದಿರಿ?"

"ನನ್ನ ಕೆಲಸವೇ ತಲೆ ನೋಡೋದು. ಕಿವಿ ಕೆನ್ನೆಗೆ ಅಂಟಿಕೊಂಡು ಇಳಿದಿದೆ, ಮೇಲೆ ಸಣ್ಣ ಗಂಟು. ಇದು ಈ ಸುತ್ತಿನ ಕಿವಿ. ಹೊರಗಿನವರಿಗೆ ಬರಲ್ಲ. ಬನ್ನಿ, ಕೂತ್ಕೊಳ್ಳಿ, ಕ್ಷೌರ ಏನೂ ಮಾಡಲ್ಲ."

ಅವಳು ಅಡ್ಡಹೆಸರು ಹೇಳಿದಳು. ಹುಟ್ಟಿದ ಮೇಲೆ ಮೊದಲ ಸಲ ಒಬ್ಬ ಅದನ್ನು ತಪ್ಪಿಲ್ಲದೆ ತಿರುಗಿ ಹೇಳಿದ. ಅವನದೂ ಅದೇ. ಚಹಾ ತರಿಸಿದ. ನಲವತ್ತೈದು ದಾಟಿದವನು, ಕನ್ನಡಿಗೆ ಬೆನ್ನು ಹಾಕಿ ಬೀದಿಯತ್ತ ಮುಖ ಮಾಡಿಯೇ ಕೂರುವವನು. ಒಂದು ಸಂಸಾರ ಹೆದರಿ ತುಂಬ ದೂರ ಹೋಗಿಬಿಟ್ಟಿತು ಅಂತ ಅವನು ಚಿಕ್ಕಂದಿನಲ್ಲಿ ಕೇಳಿದ್ದನಂತೆ. "ಲೆಕ್ಕ ಹಾಕಿದರೆ ನೀನು ನನಗೆ ತಂಗಿ ಆಗ್ತೀಯ," ಅಂತ ಅವನು ಅಂದಾಗ, ನೀವು ಅನ್ನುವುದು ನೀನು ಆದದ್ದೇ ಇಬ್ಬರಿಗೂ ಗೊತ್ತಾಗಲಿಲ್ಲ.

"ಅಣ್ಣ, ಈ ನಡುವಿನ ಊರಿಗೆ ನಮ್ಮೋರು ಯಾಕೆ ಹೋಗಲ್ಲ?"

ಅವನ ಕೈಯ ಲೋಟ ಅಲ್ಲೇ ನಿಂತಿತು. "ನಿಮ್ಮಪ್ಪ ಏನೂ ಹೇಳಲಿಲ್ವಾ?"

"ಬಾಯಿ ಬಿಡಲಿಲ್ಲ."

ಅವನು ಎದ್ದು ಬಾಗಿಲಿನ ಪರದೆ ಎಳೆದು ಬಂದ.

"ಗುಡ್ಡದ ಆಚೆ ತಗ್ಗಿನಲ್ಲಿದೆಯಲ್ಲ, ಅದು ಹಳೇ ಊರು. ನಮ್ಮೋರೆಲ್ಲ ಅಲ್ಲಿಯವರೇ. ನಮ್ಮಪ್ಪ ಹುಟ್ಟೋಕೆ ಮುಂಚಿನ ಮಾತು. ಆಗ ಇಲ್ಲಿ ಬೇರೆಯವರ ಆಡಳಿತ ಇತ್ತು, ಬಂದೂಕಿನ ಆಡಳಿತ. ಅವರ ಒಬ್ಬ ದೊಡ್ಡ ಅಧಿಕಾರಿಯನ್ನ ಯಾರೋ ಕೊಂದರು. ಕೊಂದವನ ಅಡ್ಡಹೆಸರು ನಮ್ಮದು. ಅವನು ಸಿಗಲಿಲ್ಲ. ಆ ಹೆಸರಿನವರನ್ನೆಲ್ಲ ಹಿಡಕೊಂಡು ಬನ್ನಿ ಅಂತ ಹುಕುಂ ಆಯ್ತು. ಲಾರಿಗಳು ಬಂದವು. ಜನ ಬಾಗಿಲು ಹಾಕಿಕೊಂಡು ಕೂತರು. ಒಡೆಯೋದಾದರೆ ಎಷ್ಟು ಮನೆ ಒಡೀತಾರೆ, ಯಾವ ಮನೆ ಯಾರದು ಅಂತ ಅವರಿಗೇನು ಗೊತ್ತು? ಅದಕ್ಕೆ ಅವರು ನಮ್ಮದೇ ಹೆಸರಿನ ಒಂದು ಹುಡುಗಿಯನ್ನ ಹಿಡಕೊಂಡರು. ಸಣ್ಣೋಳು. ಅವಳು ಮನೆಮನೆ ಮುಂದೆ ನಿಂತು ಹೆಸರು ಹಿಡಿದು ಕರೆದಳು. ಗೊತ್ತಿರೋ ಗಂಟಲು ನೋಡು. ಓ ಅಂದರು, ಬಾಗಿಲು ತೆಗೆದರು. ಓ ಅಂದೋರೆಲ್ಲ ಲಾರಿ ಹತ್ತಿದರು. ಯಾರೂ ವಾಪಸು ಬರಲಿಲ್ಲ. ಓ ಅನ್ನದೆ ಗಟ್ಟಿ ಮನಸ್ಸು ಮಾಡಿ ಕೂತೋರು ಉಳಕೊಂಡರು. ನಾವೆಲ್ಲ ಅವರ ಮಕ್ಕಳು."

ಕಿವಿ ಮೇಡಂ ಚಹಾದ ಲೋಟ ಕೆಳಗಿಟ್ಟಳು. ಅಪ್ಪನ ಬೆನ್ನು ಕಣ್ಣಿಗೆ ಕಟ್ಟಿತ್ತು.

"ಅವಳನ್ನ ನಾವು ಕರೆಯೋಳು ಅಂತೀವಿ," ಅಂದ ಕ್ಷೌರದವನು. "ನಾನು ಚಿಕ್ಕವನಿದ್ದಾಗ ಸಂಜೆ ಹೊತ್ತಿಗೆ ಗುಡ್ಡದ ಮೇಲೆ ಬಂದು ನಿಂತು ಕರೆಯೋಳು. ಒಂದೊಂದು ದಿನ ಒಂದೊಂದು ಮನೆಯವರನ್ನ. ನಮ್ಮಮ್ಮ ನನ್ನ ಕಿವಿಗೆ ಅರಿವೆ ತುರುಕಿ ಒಳಗೆ ಕೂರಿಸೋಳು."

"ಸತ್ತ ಮೇಲೂ ಕರೀತಾಳೆ ಅಂತ ಹೆದರಿಸ್ತಿದ್ದರಾ?"

"ಸತ್ತಿದ್ದರೆ ದೆವ್ವ ಅಂತಿದ್ದೆವು ತಂಗಿ, ಅದು ಸಲೀಸು. ಅವಳು ಬದುಕಿದ್ದಾಳೆ. ಈಗಲೂ ಅಲ್ಲೇ ಇದ್ದಾಳೆ."

ಮರುದಿನ ಬೆಳಗ್ಗೆ ಅವಳು ಗುಡ್ಡ ಹತ್ತಿ ಇಳಿದಳು. ಕ್ಷೌರದವನು ಬೇಡ ಅಂದ, ಆಮೇಲೆ ಒಂದು ಬಾಟಲಿ ನೀರು ಕೈಗಿಟ್ಟ.

ಹಳೇ ಊರಿನ ಈ ತುದಿಯಲ್ಲಿ ಬೇರೆ ಹೆಸರಿನ ನಾಲ್ಕಾರು ಸಂಸಾರ ಇದ್ದವು. ಒಣಹಾಕಿದ ಬಟ್ಟೆ, ಒಂದು ಟ್ರಾಕ್ಟರು, ನಾಯಿ. ಅದಾದ ಮೇಲೆ ಬೀದಿ ಬರಿದಾಗುತ್ತಾ ಹೋಯಿತು. ಮಾಡು ಕುಸಿದ ಮನೆಗಳ ಸಾಲು. ಬಾಗಿಲುಗಳು ಕೆಲವು ತೆರೆದೇ ಇದ್ದವು, ಕೆಲವು ಮುಚ್ಚಿದ್ದವು. ತೆರೆದದ್ದು ಯಾವುದು ಮುಚ್ಚಿದ್ದು ಯಾವುದು ಅಂತ ನೋಡುತ್ತಾ ಅವಳು ನಡೆದಳು. ತೆರೆದ ಬಾಗಿಲುಗಳೆಲ್ಲ ಮೊದಲ ಬೀದಿಯಲ್ಲೇ ಇದ್ದವು. ಒಂದು ಮನೆಯೊಳಗೆ ಮೇಜಿನ ಸುತ್ತ ಕುರ್ಚಿಗಳು ಹಿಂದಕ್ಕೆ ಸರಿದು ನಿಂತಿದ್ದವು, ಊಟದ ನಡುವೆ ಯಾರೋ ಕರೆದರೆಂದು ಎದ್ದುಹೋದ ಹಾಗೆ.

ಹಿಂದಿನ ಬೀದಿಯ ಒಂದೇ ಮನೆಯಲ್ಲಿ ಜೀವ ಇತ್ತು. ಒರೆಸಿದ ಹೊಸ್ತಿಲು, ಹಾಲಿನ ಪಾತ್ರೆ. ಅವಳು ಬಾಗಿಲು ತಟ್ಟಿದಳು. "ಅಜ್ಜೀ" ಅಂತ ಕರೆದಳು. ಉತ್ತರ ಇಲ್ಲ. ಇನ್ನೊಮ್ಮೆ ಕರೆದಳು. ಇಲ್ಲೂ ಅದೇ ಚಾಳಿ ಅಂದುಕೊಂಡು ಒಳಗೆ ಹೆಜ್ಜೆ ಇಟ್ಟರೆ, ಕಿಟಕಿಯ ಬೆಳಕಿನಲ್ಲಿ ಒಬ್ಬ ಮುದುಕಿ ಹಳೇ ಸ್ವೆಟರಿನ ಉಣ್ಣೆ ಬಿಚ್ಚುತ್ತಾ ಕೂತಿದ್ದಳು. ಕೂದಲು ಸೊಂಟದ ತನಕ ಬೆಳ್ಳಗೆ ಜೋತುಬಿದ್ದಿತ್ತು, ಎಷ್ಟೋ ಕಾಲದಿಂದ ಕತ್ತರಿ ಕಾಣದ ಕೂದಲು. ಬಾಗಿಲ ಬಳಿ ಒರಗಿಸಿದ್ದ ಕೊಡೆಯನ್ನು ಕಿವಿ ಮೇಡಂ ಬೇಕೆಂದೇ ಬೀಳಿಸಿದಳು. ಮುದುಕಿಯ ಹೆಗಲು ಅಲುಗಲಿಲ್ಲ. ಇವಳು ಮಾತ್ರ ನಿಜವಾಗಿ ಕಿವುಡಿ.

ಕಿವುಡರ ಹತ್ತಿರ ಕಿರುಚಬಾರದು. ಎದುರಿಗೆ ಕೂರಬೇಕು, ದನಿ ತಗ್ಗಿಸಬೇಕು, ಕೊಂಚ ಉಳಿದಿರುವ ಕಿವಿ ಯಾವುದು ಅಂತ ಹುಡುಕಿ ಅದರ ಹತ್ತಿರ ನಿಧಾನಕ್ಕೆ ಮಾತಾಡಬೇಕು. ಅವಳಿಗೆ ಅದು ಗೊತ್ತಿತ್ತು. ಎದುರಿಗೆ ಹೋಗಿ ಮಂಡಿಯೂರಿದಳು. ಮುದುಕಿ ಹೆದರಲಿಲ್ಲ. ಬಹಳ ಹೊತ್ತು ಮುಖ ನೋಡಿದಳು.

"ಅತ್ತಿಗೆ ಮೂಗು," ಅಂದಳು. "ಕಿವಿ ನಮ್ಮದು, ಮೂಗು ನಮ್ಮ ಅತ್ತಿಗೆದು. ಯಾರು ನೀನು? ಗಿಡ್ಡನ ಮಗಳಾ?"

"ಗಿಡ್ಡ ಯಾರು ಅಜ್ಜಿ?"

"ನಮ್ಮಣ್ಣನ ಮಗ. ಆರು ವರ್ಷದವನು, ಇಷ್ಟೇ ಇಷ್ಟಿದ್ದ. ಗಿಡ್ಡ, ಗಿಡ್ಡ ಅಂತ ನಾನು ಗೋಳು ಹುಯ್ಕೊಳ್ತಿದ್ದೆ."

ಬಾಗಿಲಿಗೆ ತಲೆ ಬಗ್ಗಿಸಿ ಬರುತ್ತಿದ್ದ ಅಪ್ಪ ಗಿಡ್ಡ. ನಗಬೇಕೋ ಅಳಬೇಕೋ ತಿಳಿಯದೆ ಅವಳು ಮುದುಕಿಯ ಬಲಗಿವಿಗೆ ಬಾಯಿ ಹಚ್ಚಿ ಹೇಳಿದಳು: ಹೌದು, ಗಿಡ್ಡನ ಮಗಳೇ. ಹೋದ ಚಳಿಗಾಲದಲ್ಲಿ ತೀರಿಕೊಂಡ. ಕುರ್ಚಿಯಲ್ಲೇ. ನರಳಲಿಲ್ಲ.

ಮುದುಕಿ ಉಣ್ಣೆಯ ಉಂಡೆಯನ್ನು ಮಡಿಲಿನಲ್ಲಿಟ್ಟು ಅದರ ಮೇಲೆ ಎರಡೂ ಕೈ ಇಟ್ಟುಕೊಂಡಳು.

"ಕಂಬಳಿ ಕೊಡ್ತೀವಿ ಅಂದಿದ್ದರು," ಅಂದಳು, ಯಾರೂ ಕೇಳದೆಯೇ. "ಚಳಿ ಇತ್ತು. ಲಾರಿ ತುಂಬ ಕಂಬಳಿ ಇದೆ, ನಿಮ್ಮೋರನ್ನೆಲ್ಲ ಕರೆ, ಮನೆಗೊಂದು ಕೊಡ್ತೀವಿ ಅಂದರು. ನನ್ನ ಗಂಟಲು ದೊಡ್ಡದು. ಊರಲ್ಲಿ ಯಾರನ್ನಾದರೂ ಕರೀಬೇಕು ಅಂದರೆ ನನ್ನನ್ನೇ ಕಳಿಸ್ತಿದ್ದರು. ಖುಷಿಯಿಂದ ಓಡಿದೆ. ನಮ್ಮಪ್ಪನನ್ನೇ ಮೊದಲು ಕರೆದೆ. ಓ ಅಂತ ಬಂದ. ಅಮ್ಮ ಬಂದಳು. ಮೊದಲನೇ ಬೀದಿ ಪೂರ್ತಿ ಬಂದರು. ಬೀದಿ ಮುಗಿದ ಮೇಲೆ ತಿರುಗಿ ನೋಡ್ತೀನಿ, ಲಾರಿಯೊಳಗೆ ಕಂಬಳಿ ಇರಲಿಲ್ಲ. ಅಪ್ಪ ಇದ್ದ. ಬಾಯಿಗೆ ಬಟ್ಟೆ ಕಟ್ಟಿದ್ದರು. ಕಣ್ಣಲ್ಲಿ ಬೇಡ ಬೇಡ ಅಂದ."

ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಆಮೇಲೆ ಏನು ಮಾಡಿದಿರಿ?"

"ಕರೀದಿದ್ದರೆ ಬಂದೂಕಿನ ಹಿಡಿಯಲ್ಲಿ ಹೊಡೆಯೋರು. ಸುಮ್ಮನಿದ್ದರೆ ಮನೆ ಒಡೆಯೋರು. ಅದಕ್ಕೆ ಎರಡನೇ ಬೀದಿಯಿಂದ ಸತ್ತವರನ್ನ ಕರೆದೆ."

"ಏನಂದಿರಿ?"

"ಸತ್ತವರನ್ನ. ಈ ಮನೆಯ ಸತ್ತ ಅಜ್ಜಿ, ಆ ಮನೆಯಲ್ಲಿ ಜ್ವರದಲ್ಲಿ ಹೋದ ಕೂಸು, ಬಾವಿಗೆ ಬಿದ್ದವನು. ಎಲ್ಲರ ಹೆಸರೂ ನನಗೆ ಗೊತ್ತಿತ್ತು. ಬದುಕಿದ್ದೋರನ್ನ ಕರೆದರೆ ಓ ಅಂದುಬಿಡ್ತಾರೆ. ಸತ್ತವರು ಓ ಅನ್ನಲ್ಲವಲ್ಲ. ಬಂದೂಕಿನವರಿಗೇನು ಗೊತ್ತು ಯಾರು ಸತ್ತಿದ್ದಾರೆ ಅಂತ? ಕರೆದೆ, ಓ ಅನ್ನಲಿಲ್ಲ, ಖಾಲಿ ಮನೆ ಅಂದೆ. ಮುಂದಿನ ಮನೆಗೆ ನಡೀತಿದ್ದರು. ಕತ್ತಲಾಗೋ ತನಕ ಕರೆದೆ."

ಬಾಗಿಲ ಹಿಂದೆ ಉಸಿರು ಹಿಡಿದು ಕೂತವರಿಗೆ ಏನು ಕೇಳಿಸಿರಬೇಕು ಅಂತ ಕಿವಿ ಮೇಡಂ ಯೋಚಿಸಿದಳು. ತಮ್ಮ ಮನೆಯ ಸತ್ತ ಕೂಸನ್ನು ಒಬ್ಬ ಹುಡುಗಿ ಬೀದಿಯಲ್ಲಿ ನಿಂತು ಹೆಸರು ಹಿಡಿದು ಕರೆಯುವುದು. ಮತ್ತೆ ಮತ್ತೆ.

"ನಿಮ್ಮಪ್ಪನ ಮನೆ ಕೊನೇದು. ಇದೇ ಮನೆ. ಅಣ್ಣ ಕೆಲಸಕ್ಕೆ ಹೋಗಿದ್ದ. ಬಾಗಿಲ ಅಡಿಯ ಸಂದಿಯಲ್ಲಿ ಅತ್ತಿಗೆಯ ಕಾಲು ಕಾಣ್ತಿತ್ತು, ಪಕ್ಕದಲ್ಲಿ ಗಿಡ್ಡನ ಕಾಲು. ಇಲ್ಲಿ ಯಾರ ಹೆಸರು ಕರೆಯಲಿ? ನಮ್ಮ ಮನೇಲಿ ಯಾರೂ ಸತ್ತಿರಲಿಲ್ಲ. ಬಾಯಿ ಒಣಗಿತು. ಕರೆಯಲೇ ಇಲ್ಲ. ಈ ಮನೆಯವರು ಹೋಗಿ ವರ್ಷ ಆಯ್ತು, ಖಾಲಿ ಅಂದೆ. ನನ್ನನ್ನ ಬೀದಿಯಲ್ಲೇ ಬಿಟ್ಟು ಲಾರಿ ಹೊರಟಿತು." ಮುದುಕಿ ಅವಳ ಮಣಿಕಟ್ಟು ಹಿಡಿದಳು. ಹಿಡಿತ ಗಟ್ಟಿಯಾಗಿತ್ತು. "ಗಿಡ್ಡನಿಗೆ ಅದು ಕೇಳಿಸಿತಾ? ನಾನು ಖಾಲಿ ಅಂದದ್ದು? ಯಾವತ್ತಾದರೂ ಹೇಳಿದನಾ?"

ಆ ತೆಳ್ಳನೆ ಹಲಗೆಯ ಬಾಗಿಲನ್ನು ಅವಳು ನೋಡಿದಳು. ಗೂಡಿನೊಳಗೆ ಕೂತು ಎಲ್ಲಕ್ಕಿಂತ ಸಣ್ಣ ಸದ್ದಿಗೂ ಗುಂಡಿ ಒತ್ತಿದ ಹೆಬ್ಬೆರಳು ನೆನಪಾಯಿತು. ಕೇಳಿಸದೆ ಇರಲು ಸಾಧ್ಯವೇ ಇಲ್ಲ. ಕೇಳಿಸಿತ್ತು, ಗೊತ್ತಿತ್ತು, ಎಪ್ಪತ್ತು ವರ್ಷ ಒಬ್ಬರಿಗೂ ಹೇಳಲಿಲ್ಲ. ಈ ಹೆಂಗಸನ್ನು ಇಲ್ಲೇ ಬಿಟ್ಟು, ದೂರದ ಊರಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡಿಕೊಂಡು, ಮಕ್ಕಳನ್ನು ಓದಿಸಿ, ಕುರ್ಚಿಯಲ್ಲಿ ಸುಖವಾಗಿ ಸತ್ತ.

"ಏನೂ ಹೇಳಲಿಲ್ಲ ಅಜ್ಜಿ," ಅಂದಳು. "ಆದರೆ ಅಪ್ಪನ ಕಿವಿ ಬಹಳ ಚುರುಕು. ಕೇಳಿಸಿರುತ್ತೆ."

ಮುದುಕಿ ತಲೆಯಾಡಿಸಿ ಕೈ ಬಿಟ್ಟಳು.

"ಗುಡ್ಡದ ಮೇಲೆ ನಿಂತು ಕರೀತಿದ್ದಿರಂತೆ?"

"ಆವತ್ತು ನಡೆದದ್ದನ್ನ ಹೇಳೋಣ ಅಂತ ಕರೀತಿದ್ದೆ. ಆಗ ಬದುಕಿದ್ದೋರ ಹೆಸರೇ ಕರೆದೆ. ಯಾರಾದರೂ ಓ ಅಂದರೆ ಹೇಳಬಹುದಿತ್ತು. ಕಿವಿ ಹೋದ ಮೇಲೆ ಬಿಟ್ಟೆ. ಓ ಅಂದರೂ ನನಗೆ ಕೇಳಿಸಲ್ಲ, ಕರೆದು ಏನು ಪ್ರಯೋಜನ?"

ಊರು ಬಿಟ್ಟು ಯಾಕೆ ಹೋಗಲಿಲ್ಲ ಅಂತ ಕೇಳಿದ್ದಕ್ಕೆ ಅವಳು ಅಚ್ಚರಿಪಟ್ಟು ನೋಡಿದಳು. ಲಾರಿ ಹತ್ತಿದವರು ವಾಪಸು ಬಂದರೆ ಬಾಗಿಲು ತೆಗೆಯೋಕೆ ಒಬ್ಬರಾದರೂ ಬೇಡವಾ ಅಂದಳು.

ಮಧ್ಯಾಹ್ನ ಕ್ಷೌರದಂಗಡಿಗೆ ಹಿಂತಿರುಗಿದಾಗ ಗಿರಾಕಿ ಯಾರೂ ಇರಲಿಲ್ಲ. ಅವಳು ಹೇಳುತ್ತಾ ಹೋದಳು. ಕ್ಷೌರದವನು ಬಾಚಣಿಗೆ ತೊಳೆಯುತ್ತಾ ಕೇಳಿಸಿಕೊಂಡ.

"ಅವಳು ಹಾಗೆ ಹೇಳದೆ ಇನ್ನೇನು ಹೇಳ್ತಾಳೆ?" ಅಂದ ಕೊನೆಗೆ. "ಎಪ್ಪತ್ತು ವರ್ಷ ಇತ್ತಲ್ಲ, ಕೂತು ಕತೆ ಕಟ್ಟೋಕೆ."

"ಇರಬಹುದು. ಎರಡನೇ ಬೀದಿಯಲ್ಲಿ ಬಾವಿಗೆ ಬಿದ್ದು ಸತ್ತವನನ್ನೂ ಕರೆದಳಂತೆ. ಅವನು ಯಾರ ಮನೆಯವನು ಅಂತ ಗೊತ್ತಾ ಅಣ್ಣ?"

ಅವನು ಬಾಚಣಿಗೆಯನ್ನು ನೀರಿನಲ್ಲೇ ಬಿಟ್ಟು ಕೈ ಒರೆಸಿಕೊಂಡ. ಅವನ ದನಿ ಬೇರೆಯದೇ ಆಗಿತ್ತು.

"ನಮ್ಮಜ್ಜಿ ಒಂದು ಮಾತು ಹೇಳೋಳು. ನಗ್ತಾ ಹೇಳೋಳು, ಆಮೇಲೆ ಅಳೋಳು. ಆವತ್ತು ನಮ್ಮ ಬಾಗಿಲಲ್ಲಿ ಆ ಹುಚ್ಚಿ ನಮ್ಮ ದೊಡ್ಡಪ್ಪನ ಹೆಸರು ಹಿಡಿದು ಕರೆದಳಂತೆ. ಅಜ್ಜಿಯ ಮೊದಲ ಮಗ. ಹಿಂದಿನ ವರ್ಷವೇ ಬಾವಿಗೆ ಬಿದ್ದು ಸತ್ತಿದ್ದ. ಸತ್ತ ಮಗನ ಹೆಸರು ಕೇಳಿ ಅಜ್ಜಿ ಬಾಯಿಗೆ ಸೆರಗು ತುರುಕಿಕೊಂಡಳಂತೆ. ಮಾಟಗಾತಿ, ಹೆಣ ಎಬ್ಬಿಸೋಳು ಅಂತ ಸಾಯೋ ತನಕ ಶಪಿಸಿದಳು."

ಅವನು ಅಂಗಡಿಗೆ ಬಾಗಿಲು ಹಾಕಿದ. ಇಬ್ಬರೂ ಗುಡ್ಡ ಹತ್ತಿದರು. ಮೇಲೆ ಹೋದ ಮೇಲೆ ಅವನ ಕಾಲು ಮುಂದಕ್ಕೆ ಬರಲಿಲ್ಲ. ಹಳೇ ಊರಿನ ಕಡೆ ನೋಡುತ್ತಾ ಕಲ್ಲಿನ ಮೇಲೆ ಕೂತ. "ಇವತ್ತು ಬೇಡ," ಅಂದ. ಅವಳು ಒತ್ತಾಯ ಮಾಡಲಿಲ್ಲ.

ತನ್ನೂರಿಗೆ ಬಂದು ಅವಳು ತಮ್ಮನಿಗೆ ಎಲ್ಲ ಹೇಳಿದಳು. ಅವನು ಕೋಪ ಮಾಡಿಕೊಂಡ. ಅಪ್ಪನ ಮೇಲೋ ಅಕ್ಕನ ಮೇಲೋ ಅವನಿಗೇ ಗೊತ್ತಿರಲಿಲ್ಲ. "ಆರು ವರ್ಷದ ಮಗು ಏನು ಮಾಡಬೇಕಿತ್ತು?" ಅಂದ. "ಆರು ವರ್ಷದ್ದು ಏನೂ ಮಾಡಬೇಕಿರಲಿಲ್ಲ," ಅಂದಳು ಅವಳು. "ಅರವತ್ತರದ್ದು ಮಾಡಬಹುದಿತ್ತು." ಆಮೇಲೆ ಎಷ್ಟೋ ದಿನ ಅವರು ಅಪ್ಪನ ಸುದ್ದಿ ಎತ್ತಲಿಲ್ಲ. ಅಪ್ಪನ ಕುರ್ಚಿಯ ಹಿಂದಿನಿಂದ ದಾಟಿ ಹೋಗುವಾಗಲೆಲ್ಲ ಅವಳಿಗೆ ಅದರಲ್ಲಿ ಯಾರೋ ಉಸಿರು ಬಿಗಿಹಿಡಿದು ಕೂತ ಹಾಗೆ ಅನಿಸುತ್ತಿತ್ತು. ಕೊನೆಗೆ ಅದನ್ನು ಯಾರಿಗೋ ಕೊಟ್ಟುಬಿಟ್ಟಳು.

ಮುದುಕಿಗೆಂದು ಒಂದು ಕಿವಿ ಮಿಷನ್ನು ಸರಿಹೊಂದಿಸಿ ಅವಳು ಕ್ಷೌರದವನ ವಿಳಾಸಕ್ಕೆ ಕಳಿಸಿದ್ದಳು, ಹೇಗೆ ಹಾಕಬೇಕು ಅಂತ ಫೋನಿನಲ್ಲಿ ತಿಳಿಸಿ. ಅವನು ತಿಂಗಳ ಮೇಲೆ ಫೋನು ಮಾಡಿದ.

"ಹೋಗಿದ್ದೆ. ಕೂದಲು ಕತ್ತರಿಸಿ ಬಂದೆ. ಮಿಷನ್ನು ಹಾಕಿದ ತಕ್ಷಣ ಕತ್ತರಿ ಸದ್ದು ಕೇಳಿ ಬೆಚ್ಚಿಬಿದ್ದಳು. ಆಮೇಲೆ ಇನ್ನೊಂದು ಸಲ ಆಡಿಸು ಅಂದಳು. ಕತ್ತರಿಸೋಕೆ ಏನೂ ಉಳಿದಿರಲಿಲ್ಲ, ಸುಮ್ಮನೆ ಗಾಳಿಯಲ್ಲಿ ಆಡಿಸಿದೆ."

"ಇಟ್ಟುಕೊಂಡಳಾ?"

"ಇಲ್ಲ, ತೆಗೆದು ವಾಪಸು ಕೊಟ್ಟಳು. ಊರು ತುಂಬ ಮೌನ ಇದೆ, ಅದು ಕೇಳಿಸುತ್ತೆ, ಬೇಡ ಅಂದಳು." ಅವನು ದನಿ ತಗ್ಗಿಸಿದ. "ಇಲ್ಲಿ ಕೆಲವರು ನನ್ನ ಅಂಗಡಿಗೆ ಬರೋದು ಬಿಟ್ಟಿದ್ದಾರೆ. ನಾವು ಗಟ್ಟಿಗರು, ಅದಕ್ಕೇ ಉಳಿದೆವು ಅಂದುಕೊಂಡೇ ಬೆಳೆದೋರು. ಒಬ್ಬ ಹುಡುಗಿ ಉಳಿಸಿದಳು ಅಂದರೆ ಯಾರಿಗೆ ರುಚಿಸುತ್ತೆ?"

ಮುಂದಿನ ಚಳಿ ಶುರುವಾಗುವ ಹೊತ್ತಿಗೆ ಮುದುಕಿ ತೀರಿಕೊಂಡಳು. ಹಾಲಿನವಳು ನೋಡಿ ಕ್ಷೌರದವನಿಗೆ ಹೇಳಿದಳು, ಅವನು ಇವರಿಗೆ ಹೇಳಿದ. ಅಕ್ಕ ತಮ್ಮ ಇಬ್ಬರೂ ಹೋದರು. ಹಳೇ ಊರಿನ ಹಿಂದೆ, ಇಳಿಜಾರಿನಲ್ಲಿ ಮಣ್ಣು ಮಾಡಿದರು. ನೆಲ ಗಟ್ಟಿಯಾಗಿತ್ತು. ತಮ್ಮನೂ ಕ್ಷೌರದವನೂ ಸರದಿಯಲ್ಲಿ ಗುದ್ದಲಿ ಹಿಡಿದರು.

ಅರ್ಧ ಅಗೆದಿದ್ದಾಗ ತಮ್ಮ ತಲೆ ಎತ್ತಿ, "ಅಕ್ಕ," ಅಂದ.

ಗುಡ್ಡದ ಅಂಚಿನ ಉದ್ದಕ್ಕೂ ಜನ ನಿಂತಿದ್ದರು. ಸುತ್ತಲಿನ ಊರುಗಳಿಂದ ಬಂದವರು. ಎಲ್ಲರದೂ ಅದೇ ಭುಜ, ಅದೇ ನಿಲುವು. ಅಪ್ಪನನ್ನೇ ಸಾಲಾಗಿ ತಂದು ನಿಲ್ಲಿಸಿದ ಹಾಗಿತ್ತು. ಯಾರೂ ಕೆಳಗೆ ಇಳಿಯಲಿಲ್ಲ. ಮಣ್ಣು ಮುಚ್ಚಿ ಮುಗಿಯುವ ತನಕ ನಿಂತಿದ್ದು, ಒಬ್ಬೊಬ್ಬರಾಗಿ ಕರಗಿಹೋದರು.

ಒಬ್ಬ ಮುದುಕ ಮಾತ್ರ ಉಳಿದ. ಕೋಲೂರಿಕೊಂಡು ನಿಧಾನಕ್ಕೆ ಇಳಿದು ಬಂದು, ಹೊಸ ಮಣ್ಣಿನ ದಿಬ್ಬದಿಂದ ಸ್ವಲ್ಪ ದೂರ ನಿಂತ.

"ನಮ್ಮದು ಮೂರನೇ ಬೀದಿ," ಅಂದ ಕಿವಿ ಮೇಡಂ ಕಡೆ ತಿರುಗಿ. "ಒಳಗೆ ನಾನೂ ಇದ್ದೆ, ನಾಲ್ಕು ವರ್ಷದವನು. ಅಮ್ಮ ನನ್ನ ಕಿವಿ ಮುಚ್ಚಿದ್ದಳು. ನಮ್ಮ ಬಾಗಿಲಲ್ಲಿ ಅವಳು ಯಾರ ಹೆಸರು ಕರೆದಳು ಅಂತ ನಿಮಗೇನಾದರೂ ಹೇಳಿದಳಾ?"

"ಇಲ್ಲ. ಒಬ್ಬೊಬ್ಬರದಾಗಿ ಹೇಳಲಿಲ್ಲ. ನಾನೂ ಕೇಳಲಿಲ್ಲ."

"ಅಮ್ಮನೂ ಹೇಳಲಿಲ್ಲ," ಅಂದ ಮುದುಕ. "ನನಗಿಂತ ಮುಂಚೆ ನಮ್ಮ ಮನೇಲಿ ಒಂದು ಮಗು ಇತ್ತು ಅಂತಾರೆ. ಹೆಣ್ಣೋ ಗಂಡೋ ಅದೂ ಗೊತ್ತಿಲ್ಲ. ಅದನ್ನೇ ಕರೆದಳೋ ಏನೋ."

ಅವನು ಕೋಲು ಸರಿಮಾಡಿಕೊಂಡು, ಬಂದ ದಾರಿಯಲ್ಲೇ ಗುಡ್ಡ ಹತ್ತತೊಡಗಿದ. ಏರು ಕಡಿದಾಗಿತ್ತು. ಕ್ಷೌರದವನು ಗುದ್ದಲಿ ಕೆಳಗಿಟ್ಟು, ಓಡಿಹೋಗಿ ಅವನ ತೋಳು ಹಿಡಿದುಕೊಂಡ.